ಗೋಡೆ ಗಡಿಯಾರ

ಪಲ್ಸ್ ಆಕ್ಸಿಮೀಟರು ಅವಳ ಬೆರಳನ್ನು ಒಪ್ಪಲಿಲ್ಲ.
ತೋರುಬೆರಳು, ನಡುಬೆರಳು, ಉಂಗುರದ್ದು,
ಪ್ರತಿ ಸಲವೂ ಎರಡು ಗೀಟು, ಅಂಕಿಯಿಲ್ಲ.
‘ನಲವತ್ತು ವರ್ಷ ಕುದಿಯೋ ನೀರಲ್ಲಿ ಅದ್ದಿದ ಕೈಯಮ್ಮಾ,
ಮಿಷನ್ನಿಗೆ ನಾನು ಸಿಗಲ್ಲ’
ನಕ್ಕಳು ಶಿಡ್ಲಘಟ್ಟದ ಪ್ಯಾರಿಜಾನ್, ಹನ್ನೊಂದನೇ ಮಂಚ.
ನಗು ಮುಗಿಯುವ ಮೊದಲೇ ಕೆಮ್ಮು ಬಂದು ಅದನ್ನು ಕಿತ್ತುಕೊಂಡಿತು.
ಕೊನೆಗೆ ಎಡಗಿವಿಯ ಓಲೆ ಬಿಚ್ಚಿ
ಹಾಲೆಗೆ ಸಿಕ್ಕಿಸಿದೆ.
ಎಪ್ಪತ್ತೆಂಟು.

ಕೇಸ್ ಶೀಟಿನಲ್ಲಿ ಬರೆದೆ:
ಹೊಗೆ, ಆವಿ, ಶ್ವಾಸಕೋಶ, ಎಷ್ಟು ಲೀಟರು ಆಮ್ಲಜನಕ.
ಬರೆಯದೆ ಬಿಟ್ಟದ್ದು:
ಗೂಡಿನ ಎಳೆಯ ತುದಿ ಕಣ್ಣಿಗೆ ಕಾಣಲ್ಲವಂತೆ.
ಹುಡುಕಬಾರದಂತೆ.
ಬೆರಳನ್ನು ನೀರಿನಲ್ಲಿ ಸುಮ್ಮನೆ ಬಿಟ್ಟರೆ
ಅದೇ ಬಂದು ಅಂಟುತ್ತದಂತೆ.
‘ಹಿಂಗೆ’ ಎಂದು ನನ್ನ ಮಣಿಕಟ್ಟು ಹಿಡಿದು
ಗಾಳಿಯಲ್ಲಿ ಅದ್ದಿ ತೋರಿಸಿದಳು.
ಒಳಗಿನ ಹುಳ? ಕೇಳಿದೆ.
‘ಅದು ಆಗಲೇ ಬೆಂದಿರ್ತದಲ್ಲ.’

ಮೂರನೇ ರಾತ್ರಿ.
ಹೊರಗೆ ಸೇವಂತಿಗೆ ತುಂಬಿದ ಟೆಂಪೋಗಳು ಮಾರ್ಕೆಟ್ಟಿನ ಕಡೆಗೆ.
ಒಳಗೆ ಮೂವತ್ತು ಒತ್ತು, ಎರಡು ಉಸಿರು,
ಮೂವತ್ತು ಒತ್ತು, ಎರಡು ಉಸಿರು.
ಕಾಲೇಜಿನ ರಬ್ಬರು ಗೊಂಬೆ ಹೀಗೆ ಸದ್ದು ಮಾಡಿರಲಿಲ್ಲ.
ಎರಡನೇ ಸುತ್ತಿಗೆ ಪಕ್ಕೆಲುಬು ಲಟಕ್ಕೆಂದಿತು,
ಒಣಗಿದ ಕಡ್ಡಿಯಂತೆ
ಅಲ್ಲ. ಯಾವುದರಂತೆಯೂ ಅಲ್ಲ.
ನಿಲ್ಲಿಸಬೇಡಿ ಅಂದರು ಪೀಜಿ ತಿಪ್ಪೇಶ್.
ನಿಲ್ಲಿಸಲಿಲ್ಲ.
ನನ್ನ ಬೆವರು ಅವಳ ಕುಪ್ಪಸದ ಮೇಲೆ ಬೀಳುತ್ತಿತ್ತು,
ಅದರಲ್ಲಿನ್ನೂ ಬೆಂದ ಹುಳದ ವಾಸನೆ.

ಆಮೇಲೆ ಕೊರಳಿಗೆ ಎರಡು ಬೆರಳಿಟ್ಟೆ.
ಹುಡುಕಲಿಲ್ಲ, ಸುಮ್ಮನೆ ಬಿಟ್ಟೆ.
ಬಂದು ಅಂಟಿತು!
‘ಸಾರ್, ಇದೆ, ಸಿಗ್ತಿದೆ!’
ತಿಪ್ಪೇಶ್ ಬೈಯಲಿಲ್ಲ.
ನನ್ನ ಕೈಯನ್ನು ಕೊರಳಿಂದ ಮೆಲ್ಲಗೆ ಎತ್ತಿ
ಮಂಚದ ಕಬ್ಬಿಣದ ಮೇಲಿಟ್ಟರು.
ಅಲ್ಲೂ ಮಿಡಿಯುತ್ತಿತ್ತು.
ನನ್ನದೇ.

ಟಾರ್ಚಿನ ಬೆಳಕಿಗೆ ಕಣ್ಣಪಾಪೆ ಕದಲಲಿಲ್ಲ.
ಒಂದು ನಿಮಿಷ ಎದೆಗೆ ಸ್ಟೆತೊಸ್ಕೋಪ್ ಇಟ್ಟು ಕೂತೆ.
ಫ್ಯಾನಿನ ಸದ್ದು, ಹನ್ನೆರಡನೇ ಮಂಚದ ಗೊರಕೆ.
ನೆಟ್ಟಗೆ ಗೀಟೆಳೆದ ಇಸಿಜಿ ಹಾಳೆಯನ್ನು ಶೀಟಿಗೆ ಅಂಟಿಸಿದೆ.
ಸಮಯ?
ನನ್ನ ಫೋನಿನಲ್ಲಿ ಎರಡು ನಲವತ್ತೇಳು,
ಗೋಡೆಯ ಮೇಲೆ ಎರಡು ನಲವತ್ತು.
‘ಗೋಡೆದೇ ಬರೀರಿ ಡಾಕ್ಟ್ರೇ’ ಅಂದರು ಸಿಸ್ಟರ್ ಎಸ್ತರಮ್ಮ,
‘ಈ ವಾರ್ಡಿನಲ್ಲಿ ಎಲ್ಲರೂ ಹೋಗೋದು ಅದೇ ಟೈಮಿಗೆ.’

ಹೊರಗಿನ ಬೆಂಚಿನಲ್ಲಿ ಮಗ ಚಾಂದ್ ಪಾಷ,
ಗೂಡಿನ ಮಾರ್ಕೆಟ್ಟಿನಲ್ಲಿ ತೂಕ ಹಾಕುವವನು,
ನನ್ನನ್ನು ಕಂಡೊಡನೆ ಎದ್ದ, ‘ಟೀ ತರಲಾ ಮೇಡಂ?’
ಕಲಿಸಿದ್ದರು ನಮಗೆ: ಕೂರಿಸಿ, ಹೆಸರು ಹಿಡಿದು, ನಿಧಾನಕ್ಕೆ.
ನಾನು ನಿಂತೇ ಅಂದೆ, ‘ನಿಮ್ಮಮ್ಮ ಹೋದ್ರು.’
‘ಎಲ್ಲಿಗೆ? ಎಕ್ಸ್‌ರೇಗಾ?’

ಆಗ ನನ್ನ ಬಾಯಲ್ಲಿ
ಇಷ್ಟು ದಿನ ಮೆತ್ತಗಿದ್ದ ಮಾತುಗಳೆಲ್ಲ ಸಾಲಾಗಿ ಬಂದು ನಿಂತವು,
ಇಲ್ಲವಾದರು, ತೀರಿಕೊಂಡರು, ನಮ್ಮ ಕೈ ಮೀರಿ,
ಒಂದಕ್ಕೂ ಬಾಗಿಲು ಸಾಲಲಿಲ್ಲ.
ಅವನು ನನ್ನ ಮುಖ ನೋಡಿದ.
ನಾನು ಹೇಳಬೇಕಾದ್ದನ್ನು ತಾನೇ ಹೇಳಿಕೊಂಡು
ಗೋಡೆಗೆ ಒರಗಿ ಕೆಳಗೆ ಜಾರಿದ.

ಬೆಳಕು ಹರಿಯಿತು. ವಾರ್ಡ್ ಬಾಯ್ ಆವುಲಪ್ಪ
ಹನ್ನೊಂದಕ್ಕೆ ಹೊಸ ಚಾದರ ಹಾಸುತ್ತಿದ್ದ.
ಪೆನ್ನು ಹುಡುಕಲು ಏಪ್ರನ್ನಿನ ಜೇಬಿಗೆ ಕೈ ಹಾಕಿದರೆ
ಹತ್ತಿಯುಂಡೆಯಲ್ಲಿ ಸುತ್ತಿಟ್ಟ ಓಲೆ.

ಮೆಟ್ಟಿಲು ಎರಡೆರಡು ಇಳಿದು ಓಡಿದೆ.
ಗೇಟಿನಲ್ಲಿ ಆಂಬ್ಯುಲೆನ್ಸು ಇನ್ನೂ ಹೊರಟಿರಲಿಲ್ಲ.
ಅವನ ಅಂಗೈ ಚಾಚಿತ್ತು, ತಕ್ಕಡಿಯಂತೆ, ಅಲುಗದೆ.
ಇಟ್ಟೆ.
ಆ ರಾತ್ರಿಯಿಡೀ ನಾನು ಅವನಿಗೆ
ತಪ್ಪಿಲ್ಲದೆ ಹೇಳಿದ್ದು ಒಂದೇ ಮಾತು:
‘ಇದು ನಿಮ್ಮಮ್ಮನದು.’